ಹದಿನೆಂಟು ಅಡಿಯ ಇಳಿಜಾರು

ಹೋದ ಚುನಾವಣೆಯಲ್ಲಿ ನನ್ನ ವೋಟು ಹಾಕಿದ್ದು ನಮ್ಮಪ್ಪ. ಕಳ್ಳವೋಟಲ್ಲ, ನನ್ನ ಕಣ್ಣೆದುರೇ, ನನ್ನ ಭುಜದ ಮೇಲಿಂದ ಕೈ ಚಾಚಿ ಗುಂಡಿ ಒತ್ತಿದರು. ಸುಂಕದಕಟ್ಟೆಯ ಆ ಮತಗಟ್ಟೆಗೆ ಐದು ಮೆಟ್ಟಿಲು. ನಾಲ್ಕು ಜನ ನನ್ನ ಗಾಲಿಕುರ್ಚಿಯನ್ನು ಅಡ್ಡೆ ದೇವರಂತೆ ಎತ್ತಿದರು, ಯಾರೋ ಫೋಟೊ ತೆಗೆದರು, ಬೀಳುವ ಭಯಕ್ಕೆ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಒಳಗೆ ಅಧಿಕಾರಿ ಏನೋ ಕೇಳುವಷ್ಟರಲ್ಲಿ ಅಪ್ಪ, "ಅವಳದ್ದೂ ನಂದೂ ಒಂದೇ ಸಾರ್" ಅಂದರು. ನನ್ನದು ಬೇರೆ ಇತ್ತು. ಬಾಯಿ ತೆರೆಯುವ ಮೊದಲೇ ಯಂತ್ರ ಕುಯ್ಯೆಂದಿತ್ತು.

ಅಪ್ಪನನ್ನು ದೂರುತ್ತಿಲ್ಲ. ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಲ್ಲಿ ಜೀವಮಾನವಿಡೀ ನಿಂತವರು, ನನ್ನ ಪರೀಕ್ಷೆಯ ದಿನಗಳಲ್ಲಿ ಅರ್ಧ ರಜೆ ಹಾಕಿ, ನನ್ನನ್ನು ಬೆನ್ನಿಗೇರಿಸಿಕೊಂಡು ಕಾಲೇಜಿನ ಎರಡನೇ ಮಹಡಿ ಹತ್ತಿದವರು. ನಮ್ಮ ವಂಶದಲ್ಲಿ ಡಿಗ್ರಿ ಸರ್ಟಿಫಿಕೇಟಿಗೆ ಗಾಜು ಕಟ್ಟಿಸಿ ಗೋಡೆಗೆ ಹೊಡೆದದ್ದು ನಮ್ಮ ಮನೆಯಲ್ಲೇ ಮೊದಲು. ಆದರೆ ಹೊತ್ತವರಿಗೆ ಒಂದು ಅಭ್ಯಾಸ ಬಿದ್ದುಬಿಡುತ್ತದೆ. ಹೊರಿಸಿಕೊಂಡವಳ ಮಾತನ್ನೂ ತಾವೇ ಆಡಿಬಿಡುತ್ತಾರೆ.

ಆಮೇಲೆ ಲ್ಯಾಬೊಂದರ ರಿಸೆಪ್ಷನ್‌ನಲ್ಲಿ ಕೆಲಸ ಸಿಕ್ಕಿತು. ಗೋವಿಂದರಾಜನಗರದಲ್ಲಿ, ಲ್ಯಾಬಿನಿಂದ ಎರಡು ಬೀದಿ ಆಚೆ, ನೆಲಮಹಡಿಯ ಒಂದು ರೂಮು ಹಿಡಿದೆ. ಹೊಸಿಲು ತಗ್ಗಿರಬೇಕು, ಬಚ್ಚಲ ಬಾಗಿಲು ಅಗಲವಿರಬೇಕು. ಹನ್ನೊಂದು ಮನೆ ನೋಡಿದ ಮೇಲೆ ಅಂಥದ್ದೊಂದು ಸಿಕ್ಕಿತು. ಮೊದಲ ವಾರ ಅಮ್ಮ ದಿನಕ್ಕೆ ಆರು ಸಲ ಫೋನ್ ಮಾಡಿದಳು. ಈಗ ಒಂದೇ ಸಲ, ಅದೂ ಸಾರಿನ ಪುಡಿ ಮುಗಿಯಿತಾ ಎಂದು ಕೇಳಲು. ಮನೆ ಬದಲಾದ ಹಾಗೆ ವೋಟರ್ ಕಾರ್ಡಿನ ವಿಳಾಸವನ್ನೂ ಬದಲಾಯಿಸಿಕೊಂಡೆ.

ಈ ಸಲದ ಚುನಾವಣೆಗೆ ಮುಂಚೆ, ಪಟ್ಟಿ ಹಿಡಿದು ಮನೆಮನೆಗೆ ಬರುವ ಟೀಚರ್ ನನ್ನ ಬಾಗಿಲಿಗೂ ಬಂದರು. ಮತಗಟ್ಟೆ ಇದ್ದದ್ದು ಅವರದೇ ಶಾಲೆಯಲ್ಲಿ.

"ನಿಮಗೆ ಬರೋ ಕಷ್ಟಾನೇ ಇಲ್ಲಮ್ಮ. ಈ ಫಾರಂಗೆ ಸೈನ್ ಹಾಕಿ, ಮನೆಗೇ ಬಂದು ವೋಟ್ ಹಾಕಿಸ್ಕೊಂಡು ಹೋಗ್ತೀವಿ."

"ಹಾಸಿಗೆ ಹಿಡಿದೋರಿಗೆ ಅದು ಒಳ್ಳೇದೇ ಮಿಸ್. ನಾನು ದಿನಾ ಕೆಲಸಕ್ಕೆ ಹೋಗೋಳು. ಅಲ್ಲಿಗೇ ಬರ್ತೀನಿ."

"ಮೂರು ಮೆಟ್ಟಿಲಿದೆಯಲ್ಲಮ್ಮ."

"ಅದನ್ನ ನೀವು ನೋಡಿ. ಒಬ್ಬಳೇ ಹತ್ತಬೇಕು, ಒಬ್ಬಳೇ ಒತ್ತಬೇಕು. ನನಗೆ ಬೇಕಾಗಿರೋದು ಅಷ್ಟೇ."

ಟೀಚರ್ ಸುಮ್ಮನೆ ಕೂರುವವರಲ್ಲ. ಹೆಡ್‌ಮಿಸ್ ಹತ್ತಿರ ಮಾತಾಡಿ ಮೇಸ್ತ್ರಿಯನ್ನು ಕರೆಸಿದರು. ಮತದಾನಕ್ಕೆ ಎರಡು ವಾರವಿರುವಾಗ, "ರೆಡಿ ಆಗಿದೆ, ಬಂದು ನೋಡಿ" ಎಂದು ಫೋನ್ ಬಂತು.

ಹೋಗಿ ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಮನೆಗಳ ಪಾಯ ರಸ್ತೆಗಿಂತ ಎತ್ತರ. ಸ್ಕೂಟರ್ ಒಳಗೆ ಹತ್ತಿಸಲು ಪ್ರತಿ ಗೇಟಿನ ಮುಂದೆಯೂ ಸಿಮೆಂಟಿನ ಒಂದು ಕಡಿದಾದ ಇಳಿಜಾರು ಇರುತ್ತದೆ. ಜಾರದ ಹಾಗೆ ಅಡ್ಡಡ್ಡ ಗೀರು, ನಡುವೆ ಕಾಲಿಡಲು ಒಂದು ಮೆಟ್ಟಿಲು. ಮೇಸ್ತ್ರಿ ಅದನ್ನೇ ತಂದು ಶಾಲೆಗೆ ಅಂಟಿಸಿದ್ದರು. ನಾಲ್ಕೂವರೆ ಅಡಿ ಉದ್ದ. ನಾನು ಗಾಲಿ ಒತ್ತಿದೆ, ಅರ್ಧ ಹತ್ತಿ ಹಿಂದಕ್ಕೆ ಜಾರಿದೆ.

ಮೇಸ್ತ್ರಿಗೆ ಕೋಪ ಬಂತು. "ಈ ಏರಿಯಾದಲ್ಲಿ ಅರ್ಧ ಮನೆಗೆ ನಾನೇ ಹಾಕಿರೋದು ಕಣಮ್ಮ. ಒಂದು ಗಾಡಿನೂ ಕಂಪ್ಲೇಂಟ್ ಹೇಳಿಲ್ಲ."

"ಗಾಡಿಗೆ ಇಂಜಿನ್ ಇದೆ ಅಣ್ಣ. ನನಗಿರೋದು ಎರಡು ಕೈ. ಬನ್ನಿ, ನೀವೇ ಕೂತು ಹತ್ತಿಸಿ."

ನಾನು ಮೆಟ್ಟಿಲಿಗೆ ಜಾರಿ ಕೂತೆ, ಅವರು ಪಂಚೆ ಎತ್ತಿ ಕಟ್ಟಿ ನನ್ನ ಕುರ್ಚಿಯಲ್ಲಿ ಕೂತರು. ಇಪ್ಪತ್ತು ವರ್ಷ ಬಾಂಡ್ಲಿ ಹೊತ್ತ ತೋಳು. ಎರಡು ಸಲ ಒತ್ತಿದ್ದೇ ಮುಂದಿನ ಗಾಲಿ ಮೇಲೆದ್ದು, ಕುರ್ಚಿ ಹಿಂದಕ್ಕೆ ಓಡಿತು.

"ಅಯ್ಯಯ್ಯೋ, ಹಿಡ್ಕೊಳಮ್ಮ, ಹಿಡ್ಕೋ!"

"ಎದ್ದು ಬಂದು ಹೇಗೆ ಹಿಡ್ಕೊಳ್ಳಲಿ? ನನ್ನ ಕಾಲ ಮೇಲೆ ನೀವೇ ಕೂತಿದೀರಲ್ಲ!"

ಮರಳಿನ ಗುಡ್ಡೆಗೆ ತಾಗಿ ಕುರ್ಚಿ ನಿಂತಿತು. ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮೇಸ್ತ್ರಿ ಕುರ್ಚಿಯಲ್ಲಿ ಕೂತೇ ಟೇಪು ತೆಗೆದರು. "ಸರಿ. ಎಷ್ಟುದ್ದ ಬೇಕು, ಹೇಳಿ."

"ಒಂದಡಿ ಏರಬೇಕಾದ್ರೆ ಹನ್ನೆರಡು ಅಡಿ ಓಡಬೇಕು. ಇಲ್ಲಿ ಒಂದೂವರೆ ಅಡಿ ಇದೆ."

"ಹದಿನೆಂಟಾ! ಮೆಟ್ರೋ ಸೇತುವೆ ಕಟ್ಟಿಸ್ತಾ ಇದೀರಾ?" ಎಂದು ಗೊಣಗಿದರು. ಆದರೂ ಮಾಡಿದ್ದನ್ನು ಒಡೆದು, ಗೋಡೆಯುದ್ದಕ್ಕೂ ಹೋಗಿ ಹೊಂಗೆಮರದ ಹತ್ತಿರ ತಿರುಗುವ ಹಾಗೆ ಹೊಸದಾಗಿ ಕಟ್ಟಿದರು. ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ಒಂದು ಸಮತಟ್ಟು ಜಾಗ ಬಿಟ್ಟಿದ್ದರು. ಅದನ್ನು ನಾನು ಹೇಳಿರಲಿಲ್ಲ.

ಮತದಾನದ ದಿನ ಅಪ್ಪ ಸುಂಕದಕಟ್ಟೆಯಲ್ಲಿ ತಮ್ಮ ವೋಟು ಮುಗಿಸಿ, ಬೆರಳಿನ ಶಾಯಿ ಆರುವ ಮೊದಲೇ ನಮ್ಮ ಶಾಲೆಯ ಗೇಟಿಗೆ ಬಂದಿದ್ದರು. ನನ್ನನ್ನು ಕಂಡಿದ್ದೇ ಅವರ ಕೈ ತಾನಾಗಿ ಕುರ್ಚಿಯ ಹಿಡಿಗೆ ಹೋಯಿತು.

"ಅಪ್ಪ, ಕೈ."

ಅವರು ಕೈ ತೆಗೆದು ಬೆನ್ನ ಹಿಂದೆ ಕಟ್ಟಿಕೊಂಡರು.

ಮೆಟ್ಟಿಲ ಕಡೆ ಯಾರೂ ಇರಲಿಲ್ಲ. ಕ್ಯೂ ಪೂರ್ತಿ ಇಳಿಜಾರಿನ ಮೇಲಿತ್ತು. ಮಂಡಿನೋವಿನ ಅಜ್ಜಿಯರು, ಮಗು ಎತ್ತಿಕೊಂಡವರು, ಸುಮ್ಮನೆ ಸುಖವಾಗಿದೆಯೆಂದು ಬಂದವರು. ಮೇಸ್ತ್ರಿ ತಮ್ಮ ಮುದಿ ತಾಯಿಯ ಹಿಂದೆ ನಿಂತು ಇಬ್ಬರು ಹುಡುಗರಿಗೆ ಪಾಠ ಮಾಡುತ್ತಿದ್ದರು: "ಒಂದಡಿಗೆ ಹನ್ನೆರಡಡಿ ಓಡಬೇಕು ಗುರು. ಲೆಕ್ಕ ಇದೆ ಇದಕ್ಕೆ, ಸುಮ್ನೆ ಅಲ್ಲ." ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡರು.

ಕ್ಯೂನಲ್ಲಿದ್ದವರು ಗೋಡೆಗೆ ಸರಿದು ದಾರಿ ಬಿಟ್ಟರು. ಗಾಲಿ ಒತ್ತಿದೆ. ಅದು ಹತ್ತಿತು. ತಿರುವಿನಲ್ಲಿ ನಿಲ್ಲಬಹುದಿತ್ತು, ನಿಲ್ಲಲಿಲ್ಲ.

ಒಳಗೆ ಅಧಿಕಾರಿ ಕೇಳಿದರು, "ಜೊತೆಗೆ ಯಾರಾದ್ರೂ ಬೇಕಾಮ್ಮ?"

"ಬೇಡ ಸಾರ್."

ರಟ್ಟಿನ ಮರೆಯ ಹಿಂದೆ ನಾನು ಮತ್ತು ಯಂತ್ರ, ಇಬ್ಬರೇ. ಎಲ್ಲ ಹೆಸರನ್ನೂ ಮೇಲಿಂದ ಕೆಳಗಿನವರೆಗೆ ಓದಿದೆ. ನಿಧಾನವಾಗಿ. ಆಮೇಲೆ ಒತ್ತಿದೆ.

ಹೊರಗೆ ಅಪ್ಪ ಅದೇ ಜಾಗದಲ್ಲಿ, ಕೈ ಹಾಗೇ ಕಟ್ಟಿಕೊಂಡು ನಿಂತಿದ್ದರು. "ಯಾರಿಗ್ ಹಾಕ್ದೆ?"

"ಹೇಳಲ್ಲ."

"ನಿಮ್ಮಪ್ಪ ಕಣೇ ನಾನು!"

"ಅಪ್ಪ ಆದ್ರೂ ಹೇಳಲ್ಲ."

ಮೂಲೆಯ ಟೀ ಅಂಗಡಿಯವರೆಗೂ ಮುಖ ಊದಿಸಿಕೊಂಡು ಬಂದರು. ಲೋಟ ಕೈಗೆ ಬಂದ ಮೇಲೆ ಅಂಗಡಿಯವನಿಗೆ ಹೇಳಿದರು, "ನೋಡಪ್ಪ, ಡಿಗ್ರಿ ಓದಿಸಿದ್ದಕ್ಕೆ ಸ್ವಂತ ಅಪ್ಪಂಗೂ ಹೇಳಲ್ವಂತೆ, ಯಾರಿಗೆ ಹಾಕಿದ್ದು ಅಂತ." ಪಕ್ಕದಲ್ಲಿ ಬನ್ ತಿನ್ನುತ್ತಿದ್ದ ಆಟೋದವರು ಏನೆಂದು ತಿರುಗಿದರು, ಅವರಿಗೂ ಹೇಳಿದರು. ಮೂರನೆಯವರು ಏನೂ ಕೇಳಿರಲಿಲ್ಲ, ತಮ್ಮ ಪಾಡಿಗೆ ರಸ್ತೆಯಲ್ಲಿ ಹೋಗುತ್ತಿದ್ದರು. ಅಪ್ಪನೇ ಕರೆದು ನಿಲ್ಲಿಸಿ ಹೇಳಿದರು.