ಬಿಸಿಲಿಲ್ಲದೆ ಒಣಗಿದ ಮರಗೆಣಸು

ಅನಿಲದ ಬೆಂಕಿ ಹತ್ತಿಕೊಂಡ ವರ್ಷ ಎಗುವೊನೊ ತಾಯಿಯ ಹೊಟ್ಟೆಯಲ್ಲಿದ್ದಳು. ಈಗ ಅವಳಿಗೆ ಐವತ್ತು ದಾಟಿದೆ, ಬೆಂಕಿ ಆರಿಲ್ಲ. ನೈಜರ್ ನದಿ ಕವಲೊಡೆದು ಕಡಲಿಗಿಳಿಯುವ ಆ ಸೀಮೆಯಲ್ಲಿ ಎಣ್ಣೆಯ ಜೊತೆ ನೆಲದಿಂದೇಳುವ ಅನಿಲವನ್ನು ಹಿಡಿದಿಡುವುದು ಕಂಪನಿಗೆ ದುಬಾರಿ, ಸುಡುವುದು ಅಗ್ಗ. ಎಣ್ಣೆ ಹಡಗು ಹತ್ತುತ್ತದೆ, ಅನಿಲ ಆಕಾಶ ಹತ್ತುತ್ತದೆ, ಊರಿಗೆ ಮಸಿ ಉಳಿಯುತ್ತದೆ. ಇಪ್ಪತ್ತು ವರ್ಷದ ಹಿಂದೆ ನೆಟ್ಟ ವಿದ್ಯುತ್ ಕಂಬಗಳಿಗೆ ಇನ್ನೂ ತಂತಿ ಬಂದಿಲ್ಲ; ಆಡು ಕಟ್ಟಲು ಅನುಕೂಲವಾಗಿದೆ, ಅಷ್ಟೇ.

ಯಾರೂ ಏನೂ ಕೊಡದಿದ್ದಾಗ ಜನ ಸುಟ್ಟದ್ದರಲ್ಲೇ ಹೆಕ್ಕಿಕೊಳ್ಳುತ್ತಾರೆ. ಊರ ಹೆಂಗಸರು ಆ ಬೆಂಕಿಯ ಸುತ್ತಲಿನ ಮಣ್ಣುದಿಣ್ಣೆಯ ಮೇಲೆ ಮರಗೆಣಸು ಒಣಗಿಸುತ್ತಾರೆ. ಸುಲಿದು, ಹೆಚ್ಚಿ, ಹಿಂಡಿ ಚಾಪೆಯ ಮೇಲೆ ಹರಡಿದರೆ ಸುರಿವ ಮಳೆಗಾಲದಲ್ಲೂ ಒಂದೇ ದಿನಕ್ಕೆ ಗರಿಗರಿ. ಒಬ್ಬೊಬ್ಬಳಿಗೂ ಅಲ್ಲೊಂದು ಸಾಲು. ಅದು ತಾಯಿಯಿಂದ ಮಗಳಿಗೆ ಬರುತ್ತದೆ, ಹೊಲ ಬಂದ ಹಾಗೆ. ಗಂಡ ಸತ್ತ ಮೇಲೆ ಎಗುವೊನೊಳ ಮೂರು ಹೆಣ್ಣುಮಕ್ಕಳನ್ನು ಸಾಕಿದ್ದು ಆ ಸಾಲೇ. ಪಕ್ಕದ ಸಾಲಿನ ಗೆಳತಿ ಮಮುಯೊವ್ವಿ ಕಳೆದ ವರ್ಷ ಕೆಮ್ಮಿ ಕೆಮ್ಮಿ ಮಣ್ಣು ಸೇರಿದಳು.

ಜುಲೈನಲ್ಲಿ, ಹೊಗೆ ಎಷ್ಟು ತಗ್ಗಿದೆಯೆಂದು ಅಳೆಯಲು ರಾಜಧಾನಿಯಿಂದ ಅಧಿಕಾರಿ ಬರುವ ಸುದ್ದಿ ಬಂತು. ಹಿಂದೆಯೇ ಉಮುಕೊರೊ ಬಂದ. ಎಗುವೊನೊಳ ಮೈದುನನ ಮಗ. ಕಂಪನಿಯ ಮಾತನ್ನು ಊರಿಗೆ ಮುಟ್ಟಿಸಿ ಸಂಬಳ ತೆಗೆದುಕೊಳ್ಳುವವನು.

“ದೊಡ್ಡಮ್ಮ, ಶುಕ್ರವಾರ, ಶನಿವಾರ ಚಾಪೆ ಹಾಸ್ಬೇಡಿ. ಬೆಂಕಿ ಆರಿಸ್ತಾರೆ.”

“ಓಹೋ, ಆರ್ಸೋಕೂ ಬರುತ್ತಾ? ಇಷ್ಟು ವರ್ಷ ಆಗಲ್ಲ ಆಗಲ್ಲ ಅಂತಿದ್ರಲ್ಲೋ!”

“ಅದೆಲ್ಲ ನಿಮಗ್ಯಾಕೆ? ಸಾಹೇಬ್ರು ಕೇಳಿದ್ರೆ ಆರಿ ವರ್ಷ ಆಯ್ತು ಅನ್ನಿ. ಬಾಯಿಬಿಟ್ರೆ ಪೂರ್ತಿ ಮುಚ್ಚಿಸ್ತಾರೆ. ಆಮೇಲೆ ಗೆಣಸು ಎಲ್ಲಿ ಒಣಗಿಸ್ತೀರಿ, ನನ್ನ ತಲೆ ಮೇಲಾ?”

“ನಿನ್ನ ತಲೆ ಮೇಲೆ ಒಣಗಲ್ಲ ಬಿಡಪ್ಪ. ಕಂಪನಿ ಎ.ಸಿ.ಲಿ ಕೂತು ಕೂತು ತಣ್ಣಗಾಗಿದೆ.”

ನಕ್ಕಳು, ಆದರೆ ಅವನ ಮಾತು ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ಉಣ್ಣುವ ತುತ್ತಿಗೇ ವಿಷ ಬೆರೆಸಿಟ್ಟು, ಬೇಕಾದರೆ ಬಿಡು ಎನ್ನುವ ಜನ ಇವರು. ಸುಳ್ಳು ಹೇಳುವುದೆಂದೇ ಅವಳು ತೀರ್ಮಾನಿಸಿದಳು.

ಶುಕ್ರವಾರ ಬೆಳಿಗ್ಗೆ ಬೆಂಕಿ ಆರಿತು. ಹುಟ್ಟಿದಂದಿನಿಂದ ಎಗುವೊನೊಳ ಕಿವಿಯಲ್ಲಿದ್ದ ಅದರ ಮೊರೆತ ನಿಂತಿತು. ಮೂರು ವರ್ಷದ ಮೊಮ್ಮಗಳು ಪಕ್ಕದಲ್ಲಿ ಮಲಗಿದ್ದಳು. ಅವಳ ಎದೆಯಿಂದ ಹರಕು ತಿದಿ ಒತ್ತಿದಂತೆ ಸುಂಯ್, ಸುಂಯ್ ಎಂಬ ಸದ್ದು ಬರುತ್ತಿತ್ತು. ಅದು ಇಂದು ಶುರುವಾದದ್ದಲ್ಲ. ಇಂದು ಕೇಳಿಸಿತು, ಅಷ್ಟೇ.

ಶನಿವಾರ ಕೊಡೆಯಡಿ ನಿಂತ ಅಧಿಕಾರಿಯ ಮುಂದೆ ಹೆಂಗಸರೆಲ್ಲ ಹೇಳಿಕೊಟ್ಟ ಪಾಠ ಒಪ್ಪಿಸಿದರು. ಎಗುವೊನೊ ಮಾತ್ರ ಒಣಗಿದ ಗೆಣಸಿನ ಚೂರೊಂದನ್ನು ಅವನ ಮುಂದೆ ಲಟಕ್ಕನೆ ಮುರಿದಳು.

“ಇದು ಸೋಮವಾರ ಹಾಸಿದ್ದು ಸ್ವಾಮಿ. ಹದಿನೈದು ದಿನದಿಂದ ಸೂರ್ಯನ ಮುಖ ಕಂಡಿಲ್ಲ ನಾವು. ಹೇಗೆ ಒಣಗ್ತು ಹೇಳಿ?”

“ನೀವೇ ಹೇಳಿ ತಾಯಿ.”

“ಆ ಬೆಂಕೀಲಿ. ನಿನ್ನೆ ಆರ್ಸಿದ್ದಾರೆ, ನೀವು ಕಾರು ಹತ್ತಿದ್ಮೇಲೆ ಹಚ್ತಾರೆ. ನನ್ನ ಸಾಲು ಹೋದ್ರೆ ಹೋಗ್ಲಿ. ಮುಚ್ಚಿಸ್ಬಿಡಿ.”

ಅಧಿಕಾರಿ ತಲೆಯಾಡಿಸಿದ, ಗೆಣಸು ಹಿಡಿದ ಅವಳ ಫೋಟೊ ತೆಗೆದುಕೊಂಡ, ಕಾರು ಹತ್ತಿದ. ಸಂಜೆಯೊಳಗೆ ಬೆಂಕಿ ಹತ್ತಿತು.

ಸೋಮವಾರ ಅವಳು ಚಾಪೆ ಹೊತ್ತು ಹೋದರೆ ಅವಳ ಸಾಲಿಗೆ ಮಾತ್ರ ಮುಳ್ಳುತಂತಿಯ ಬೇಲಿ, ‘ಅಪಾಯ’ ಎಂಬ ಫಲಕ. ಇಪ್ಪತ್ತು ವರ್ಷ ಕಂಬಕ್ಕೆ ಬಾರದ ತಂತಿ ಎರಡೇ ದಿನದಲ್ಲಿ ಬೇಲಿಗೆ ಬಂದಿತ್ತು. ಅಕ್ಕಪಕ್ಕದ ಸಾಲಿನವರು ತಲೆ ತಗ್ಗಿಸಿ ಗೆಣಸು ಹರಡುತ್ತಲೇ ಇದ್ದರು.

ಮೂರು ತಿಂಗಳ ಮೇಲೆ ಸರ್ಕಾರದ ವರದಿ ಬಂತು. ಉಮುಕೊರೊ ಮೊಬೈಲಿನಲ್ಲಿ ಅದನ್ನು ತೋರಿಸಿದ. “ನೋಡಿ ದೊಡ್ಡಮ್ಮ, ನಿಮ್ಮ ಫೋಟೊ ಹಾಕಿದ್ದಾರೆ.”

“ಕೆಳಗೆ ಏನೋ ಬರೆದಿದ್ದಾರೆ, ಓದು.”

ಅವನು ಓದಿದ. “ಸುಟ್ಟ ಅನಿಲ, ಸೊನ್ನೆ. ಇಲ್ಲಿನ ಮಹಿಳೆಯರು ಸೂರ್ಯನ ಶಕ್ತಿಯಿಂದ ಆಹಾರ ಒಣಗಿಸುತ್ತಾರೆ.”

ಅಂಗಳದ ಚಾಪೆಯ ಮೇಲೆ ಎಗುವೊನೊಳ ಗೆಣಸು ಬೂಷ್ಟು ಹಿಡಿದು ನೀಲಿಗಟ್ಟಿತ್ತು. ಒಳಗೆ ಹೋಗಿ ಮೊಮ್ಮಗಳ ಪಕ್ಕ ಕೂತಳು. ಹೊರಗೆ ಬೆಂಕಿ ಮೊರೆಯುತ್ತಿತ್ತು. ಆ ಸುಂಯ್ ಕೇಳಬೇಕಾದರೆ ಈಗ ಮಗುವಿನ ಎದೆಗೇ ಕಿವಿ ಇಡಬೇಕು. ಇಟ್ಟಳು.