ಅಪ್ಪನ ಎದೆಯ ಮೇಲೆ ಮೂರು ವಾರ

ಮೊದಲು ಕಾಲು ಊದಿದವು. ರಾಣೆಬೆನ್ನೂರಿನ ಬೀಜ ಕಂಪನಿಯ ಲ್ಯಾಬಿನಲ್ಲಿ ದಿನವಿಡೀ ನಿಲ್ಲುವುದರಿಂದ ಅಂದುಕೊಂಡೆ. ಬಿಪಿ ನೋಡಿದ ಡಾಕ್ಟರ್ ಅದೇ ಮಧ್ಯಾಹ್ನ ಹಾವೇರಿಗೆ ಕಳಿಸಿದರು.

ಮಗ ಏಳು ತಿಂಗಳಿಗೇ ಹುಟ್ಟಿದ.

ಮುಂದಿನ ವಾರವೆಲ್ಲ ನಾನು ಐಸಿಯುನಲ್ಲಿ, ಅವನು ಕೆಳಗಿನ ಮಹಡಿಯಲ್ಲಿ ಎಳೆಗೂಸುಗಳ ಎನ್‌ಐಸಿಯುನಲ್ಲಿ. ಆ ದಿನಗಳ ಬಗ್ಗೆ ನಾನು ಬರೆಯುವುದೆಲ್ಲ ಗಂಡ ಮಂಜುನಾಥ ಮತ್ತು ಅತ್ತೆ ಹೇಳಿದ್ದು. ಇಬ್ಬರೂ ಒಂದೇ ಥರ ಹೇಳುವುದಿಲ್ಲ.

ಮಗುವಿನ ಉಸಿರಾಟ ತಹಬಂದಿಗೆ ಬಂದ ಮೇಲೆ ಡಾಕ್ಟರ್ ವಿವರಿಸಿದರಂತೆ: ಹೊಟ್ಟೆಯೊಳಗೇ ಮಿದುಳು ಬೆಳೆಯಬೇಕಿದ್ದ ಕಾಲ ಇದು. ಯಂತ್ರಗಳ ಸದ್ದಿನ ನಡುವೆ ಮನೆಯವರ ಮೈಬಿಸಿ, ದನಿ ಸಿಕ್ಕರೆ ಅದರ ಬೆಳವಣಿಗೆಗೆ ಅನುಕೂಲ. ತಾಯಿ ಏಳುವ ತನಕ ತಂದೆಯೇ ಕೂಸನ್ನು ಬರಿ ಎದೆಗೆ ಒರಗಿಸಿಕೊಂಡು ಕಾಂಗರೂ ಕೇರ್ ಕೊಡಲಿ.

ಮಂಜುನಾಥ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿದ್ದಾರೆ. ಚೀಲ ಬಿಚ್ಚಿ, ಕಾಯಿ ಮುರಿದು ನೋಡುವುದೇ ಕೆಲಸ. ಎರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡು, ಅಂಗಿ ಬಿಚ್ಚಿ ಕೂತರು. ಐದೇ ನಿಮಿಷ. ಅವರು ಕೈಯಿಟ್ಟ ಕಡೆ ಮಗುವಿನ ಬೆನ್ನು ಕೆಂಪಾಯಿತು.

ಸಿಸ್ಟರ್ ಮಗುವನ್ನು ವಾಪಸ್ ತೆಗೆದುಕೊಂಡರು.

"ಸೋಪಿಗೆ ಖಾರ ಹೋಗ್ತೈತೇನಲೇ? ಮೂವತ್ತು ವರ್ಷ ತೊಟ್ಟು ಮುರದೇನಿ. ಒಂದ್ ಮಾತ ನನ್ನ ಕೇಳಿದ್ರ ಏನ್ ಹೋಗ್ತಿತ್ತು?" ಅಂದರು ಹೊರಗೆ ಕೂತಿದ್ದ ಅತ್ತೆ.

ಖಾರ ಬಿಡುವುದು ಎಣ್ಣೆಗೆ. ಎರಡು ದಿನ ಅತ್ತೆ ಮಂಜುನಾಥರ ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ ತಿಕ್ಕಿ ತೊಳೆಸಿದರು. ಮಂಜುನಾಥ ಮಾರುಕಟ್ಟೆಯ ಕಡೆ ಹೋಗುವುದನ್ನೇ ಬಿಟ್ಟರು. ಸಿಸ್ಟರ್ ಕೈ ಪರೀಕ್ಷಿಸಿ ಮತ್ತೆ ಒಳಗೆ ಬಿಟ್ಟರು.

"ಏನರ ಮಾತಾಡ್ರಿ ಅವನ ಜೋಡಿ," ಅಂದರಂತೆ ಸಿಸ್ಟರ್.

"ಏನ್ ಮಾತಾಡ್ಲ್ರಿ? ಇನ್ನೂ ಪರಿಚಯ ಆಗಿಲ್ಲ."

"ಹಂಗಾರ ಪರಿಚಯ ಮಾಡ್ಕೋರಿ."

ಅತ್ತೆಯ ತವರು ಮೋಟೆಬೆನ್ನೂರಿನಿಂದ ಹಿಡಿದು ಇಡೀ ಬಳಗವನ್ನು ಮಂಜುನಾಥ ಮಗುವಿಗೆ ಪರಿಚಯ ಮಾಡಿಕೊಟ್ಟರಂತೆ.

ನನ್ನನ್ನು ವ್ಹೀಲ್‌ಚೇರಿನಲ್ಲಿ ಕರೆತಂದಾಗ ಮಗು ಅವರ ಎದೆಯ ಮೇಲೆ ನಿದ್ದೆಹೋಗಿತ್ತು. ಆಗ ಬಹಳ ಸಂತೋಷವಾಯಿತು ಎಂಬುದು ನನ್ನ ನೆನಪು. ಅಂದು ನಾನೇ ಬರೆದ ಡೈರಿಯಲ್ಲಿ ಮಾತ್ರ "ಹೊಟ್ಟೆಕಿಚ್ಚು" ಎಂದಿದೆ. ಡೈರಿಯನ್ನೇ ನಂಬುತ್ತೇನೆ.

ಆಮೇಲೆ ಬೆಳಿಗ್ಗೆ ನಾನು, ಸಂಜೆ ಅವರು. ಹೀಗೆ ಮೂರು ವಾರ.

ಮೊನ್ನೆ ತಪಾಸಣೆಗೆ ಹೋಗಿದ್ದೆವು. ಮಗ ದನಿ ಬಂದ ಕಡೆ ತಿರುಗಿದ. ಡಾಕ್ಟರ ಮುಖವನ್ನು ಕಣ್ಣಿನಲ್ಲೇ ಹಿಂಬಾಲಿಸಿದ.

"ಸದ್ಯಕ್ಕ ಛಲೋ ಅದಾನ್ರಿ. ಪೂರಾ ಹೇಳಾಕ ಇನ್ನೂ ಟೈಮ್ ಬೇಕು," ಅಂದರು ಡಾಕ್ಟರ್.

ಎದೆಯ ಮೇಲೆ ಮಲಗಿಸಿಕೊಂಡಿದ್ದರಿಂದಲೇ ಹೀಗಾಯಿತೇ? ಔಷಧಿ, ಹಾಲು, ಯಂತ್ರ ಎಲ್ಲವೂ ಇದ್ದವಲ್ಲ. ಲ್ಯಾಬಿನಲ್ಲಾದರೆ ಹೋಲಿಸಿ ನೋಡಲು ಏನೂ ಉಪಚಾರ ಮಾಡದ ಇನ್ನೊಂದು ತಟ್ಟೆ ಬೀಜ ಇಡುತ್ತೇವೆ. ಇಲ್ಲಿ ಅಂಥದ್ದಿಲ್ಲ. ಇರಬೇಕಿತ್ತು ಎಂದೂ ಅನ್ನಿಸುವುದಿಲ್ಲ. ಯಾವ ಕೂಸನ್ನು ಮುಟ್ಟದೆ ಬದಿಗಿಡುವುದು?