ತೊಳೆಯುವ ಮೊದಲು ಒಮ್ಮೆ ಮೂಸಿ ನೋಡಿ

ಬೆಳಗಿನ ಐದೂಮುಕ್ಕಾಲು. ಮೂರನೇ ಮಹಡಿಯ ಮನೆಯ ಹಾಲ್‌ನಲ್ಲಿ ಐವತ್ತೆರಡರ ಹೆಂಗಸೊಬ್ಬರು ಮಂಡಿಯೂರಿ, ನೆಲಕ್ಕೆ ಮೂಗು ತಾಗುವಷ್ಟು ಬಾಗಿ, ಇಂಚಿಂಚೇ ಸರಿಯುತ್ತಿದ್ದಾರೆ. ಬಲಗೈಯಲ್ಲಿ ಸೀಮೆಸುಣ್ಣದ ತುಂಡು. ಮೂಲೆಯಲ್ಲಿ ಮಲಗಿರುವ ಹದಿಮೂರು ವರ್ಷದ ಮುದಿನಾಯಿ, ತನ್ನ ಕೆಲಸವನ್ನು ಇನ್ಯಾರೋ ಮಾಡುತ್ತಿದ್ದಾರಲ್ಲ ಎಂಬಂತೆ ಅವರನ್ನೇ ನೋಡುತ್ತಿದೆ.

ಇವರನ್ನು ಎಲ್ಲರೂ ಕರೆಯುವುದು ಮೂಗಕ್ಕ ಎಂದು. ಸಾಕುಪ್ರಾಣಿಗಳು ಮನೆಯೊಳಗೆ ಮಾಡಿದ ಕಲೆ, ವಾಸನೆ ತೆಗೆಯುವುದು ಹತ್ತೊಂಬತ್ತು ವರ್ಷಗಳ ಕಸುಬು. ದಿನಕ್ಕೆ ಒಂದೇ ಮನೆ, ತಿಂಗಳಿಗೆ ಇಪ್ಪತ್ತು. ಹಿಂದಿನ ರಾತ್ರಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ, ಕಲೆ ಸಿಗುವ ತನಕ ಕಾಫಿಯೂ ಇಲ್ಲ. "ನನ್ನ ಹತ್ರ ಇರೋ ಮೆಷಿನ್ ಇದೊಂದೇ. ಇದಕ್ಕೆ ಪಥ್ಯ ಬೇಡ್ವಾ?" ಎಂದು ಮೂಗು ಮುಟ್ಟಿ ತೋರಿಸುತ್ತಾರೆ.

ಆ ಮೆಷಿನ್ನೂ ಈಗ ಅರ್ಧ. ಕಸುಬಿನ ಮೊದಲ ವರ್ಷ ಒಂದು ಮನೆಯ ಮುಚ್ಚಿದ ಬಚ್ಚಲಿನಲ್ಲಿ, ಮನೆಯವರು ಕೊಟ್ಟ ಬ್ಲೀಚನ್ನು ಬೆಕ್ಕಿನ ಉಚ್ಚೆಯ ಮೇಲೆ ಸುರಿದರು. ಎದ್ದ ಗಾಳಿಗೆ ಉಸಿರು ಕಟ್ಟಿ ಅಲ್ಲೇ ಬಿದ್ದರು. "ಓಡಿ ಬಂದು ಬಾಗಿಲು ತೆಗೆದ್ರು. ಮೊದಲು ಬೆಕ್ಕನ್ನ ಎತ್ಕೊಂಡು ಹೋದ್ರು, ಆಮೇಲೆ ನನ್ನನ್ನ." ನಗುತ್ತಲೇ ಹೇಳುತ್ತಾರೆ. ಎಡಹೊಳ್ಳೆ ಅಂದಿನಿಂದ ಸತ್ತಿದೆ. ಎರಡನ್ನೂ ಸೇರಿಸಬಾರದೆಂದು ಹೇಳಿಕೊಟ್ಟವರಿಲ್ಲ, ಕೈಗವಸು ಕೊಟ್ಟವರಿಲ್ಲ. ಮನೆ ಘಮಘಮಿಸಬೇಕು, ಘಮಘಮಿಸುವಂತೆ ಮಾಡಿದವಳ ಶ್ವಾಸಕೋಶದ ಗೊಡವೆ ಯಾರಿಗೂ ಬೇಡ.

ಕಡಲ ದಂಡೆಯ ಊರಿನಲ್ಲಿ ಇಂಥ ಕಲೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಒಣಗಿದ ಉಚ್ಚೆ ಟೈಲ್ಸ್ ಸಂದಿಯಲ್ಲಿ, ಮರದ ಕಾಲಿನಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಕೂತಿರುತ್ತದೆ. ಒದ್ದೆ ಗಾಳಿ ಸೋಕಿದ್ದೇ ಮತ್ತೆ ಏಳುತ್ತದೆ. ಹಾಗಾಗಿ ಹಿಂದಿನ ದಿನವೇ ಏಸಿ ಆರಿಸಿಡಿ ಎನ್ನುವುದು ಮೂಗಕ್ಕನ ಕಟ್ಟಪ್ಪಣೆ. ಈ ಮನೆಯವರು ಆರಿಸಿಲ್ಲ. ನಾಯಿಗೆ ಸೆಕೆಯಾಗುತ್ತದಂತೆ. ಒಣ ತಂಪಿನಲ್ಲಿ ಅರ್ಧ ಗಂಟೆ ತೆವಳಿದರೂ ಏನೂ ಸಿಕ್ಕಿಲ್ಲ.

ಸಿಗಲೇಬೇಕು. ಹೊರಗೆ ಮೆಟ್ಟಿಲ ಮೇಲೆ ಈ ಮನೆಯ ಅಡುಗೆಯಾಕೆ ಕೂತಿದ್ದಾಳೆ. ಆರು ವರ್ಷದಿಂದ ಇಲ್ಲಿ ಬೇಯಿಸಿ ಹಾಕುತ್ತಿರುವವಳು. ಅವಳ ಮನೆಯಲ್ಲಿ ದುಡಿಯುವ ಕೈ ಅದೊಂದೇ. ವಾಸನೆ ಬರುತ್ತಿರುವುದು ಅವಳಿಂದ ಎಂಬುದು ಎರಡು ವಾರಗಳಿಂದ ಮನೆಯೊಡತಿಯ ದೂರು. ಇವತ್ತು ಬೇರೆ ಕಾರಣ ಸಿಗದಿದ್ದರೆ ನಾಳೆಯಿಂದ ಬರುವುದು ಬೇಡ ಎಂದಾಗಿದೆ.

"ದಿನಾ ಎರಡು ಸಲ ಸ್ನಾನ ಮಾಡ್ತೀನಿ ಅಕ್ಕಾ, ಬಟ್ಟೆ ಕುದಿಸಿ ಒಗೀತೀನಿ," ಎಂದು ಬಾಗಿಲಲ್ಲೇ ಮೂಗಕ್ಕನಿಗೆ ಹೇಳಿದ್ದಾಳೆ. "ಆದ್ರೂ ಅಮ್ಮಾವ್ರು ಮೂಗು ಮುಚ್ಕೊಂಡ್ರೆ, ನನ್ನಿಂದಾನೇ ಇರಬಹುದೇನೋ ಅಂತ ನನಗೇ ಅನುಮಾನ." ಮೈಮುರಿದು ದುಡಿಯುವವಳಿಗೆ ತನ್ನ ಮೈಯ ಮೇಲೇ ಅನುಮಾನ ಹುಟ್ಟಿಸುವುದು. ಕೆಲಸದಿಂದ ತೆಗೆಯುವುದಕ್ಕಿಂತ ದೊಡ್ಡ ಅನ್ಯಾಯ ಇದು.

ಮನೆಯೊಡತಿ ಕೆಟ್ಟವರೇನಲ್ಲ. ಮುದಿನಾಯಿಗೆ ತುತ್ತು ಮಾಡಿ ತಿನ್ನಿಸುತ್ತಾರೆ. "ನಮ್ಮ ಮಗು ಒಳಗೆಲ್ಲ ಮಾಡಲ್ಲಪ್ಪ. ಅವಳು ಬಂದ ಹತ್ತೇ ನಿಮಿಷಕ್ಕೆ ಶುರುವಾಗುತ್ತೆ, ಬೇಕಾದ್ರೆ ನೀವೇ ನೋಡಿ."

ಮೂಗಕ್ಕ ಎದ್ದು ಮಂಡಿ ಒರೆಸಿಕೊಳ್ಳುತ್ತಾರೆ. "ಅವಳು ಬಂದ ತಕ್ಷಣ ಮೊದಲು ಏನು ಮಾಡ್ತಾಳಮ್ಮಾ?"

"ಏನು ಮಾಡ್ತಾಳೆ? ಏಸಿ ಆರಿಸಿ ಹಿಂದಿನ ಬಾಗಿಲು ತೆಗೀತಾಳೆ."

ಮೂಗಕ್ಕ ತಾವೇ ಏಸಿ ಆರಿಸುತ್ತಾರೆ, ತಾವೇ ಹಿಂದಿನ ಬಾಗಿಲು ತೆಗೆಯುತ್ತಾರೆ. ಕಡಲ ಕಡೆಯಿಂದ ಅಂಟಂಟು ಗಾಳಿ ನುಗ್ಗುತ್ತದೆ. ಕನ್ನಡಿ ಮಬ್ಬಾಗುತ್ತದೆ. ಒಂಬತ್ತನೇ ನಿಮಿಷಕ್ಕೆ ಒಡತಿಯ ಕೈ ಮೂಗಿಗೆ ಹೋಗುತ್ತದೆ.

"ಬಂತು ನೋಡಿ, ಅದೇ ವಾಸನೆ. ಒಳಗೆ ಬಂದ್ಲಾ?"

"ಇಲ್ಲಮ್ಮಾ. ಇನ್ನೂ ಮೆಟ್ಟಿಲ ಮೇಲೇ ಕೂತಿದ್ದಾಳೆ."

ಈ ಸಲ ಮೂಗಕ್ಕ ತಡಕಾಡುವುದಿಲ್ಲ. ಬಲಹೊಳ್ಳೆಯನ್ನು ಮುಂದು ಮಾಡಿ ನೇರ ಸೋಫಾದ ಹಿಂದಕ್ಕೆ ತೆವಳುತ್ತಾರೆ. ಗೋಡೆ ಕಡೆಯ ಮರದ ಕಾಲು ಬುಡದಲ್ಲಿ ಕಪ್ಪಿಟ್ಟು ಉಬ್ಬಿದೆ. ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ವಯಸ್ಸಾದ ನಾಯಿ, ಹೊರಗೆ ಹೋಗುವ ತನಕ ತಡೆಯಲಾಗದೆ ಮರೆ ಹುಡುಕಿಕೊಂಡಿದೆ. ಅದರ ತಪ್ಪೂ ಅಲ್ಲ.

"ಅಬ್ಬ, ಸದ್ಯ. ಬೇಗ ತೊಳೆದುಬಿಡಿ," ಎನ್ನುತ್ತಾರೆ ಒಡತಿ.

ಮೂಗಕ್ಕ ತಮ್ಮ ಚೀಲದಲ್ಲಿರುವ ಕಲೆ ತೆಗೆಯುವ ನೀರಿನ ಬಾಟಲಿಯ ಮುಚ್ಚಳ ತೆರೆಯುವುದಿಲ್ಲ. ಯಾವ ಮನೆಯಲ್ಲೂ ಮೂಗಕ್ಕ ಮೀರದ ನೇಮವೊಂದಿದೆ: ಗೆರೆಯೊಳಗೆ ಮನೆಯವರೇ ಬಗ್ಗಿ ಮೂಸಬೇಕು. "ನಾನು ತೊಳೆದ ಮೇಲೆ ಸಾಕ್ಷಿ ಉಳಿಯಲ್ಲಮ್ಮಾ. ಆಮೇಲೆ ಯಾರ ಮೇಲೆ ಬೇಕಾದ್ರೂ ಹೇಳಬಹುದು. ಬನ್ನಿ, ಮಂಡಿ ಊರಿ."

ಒಡತಿ ಅತ್ತಿತ್ತ ನೋಡುತ್ತಾರೆ. ಕೊನೆಗೆ ಸೋಫಾ ಹಿಡಿದು ನಿಧಾನಕ್ಕೆ ಬಗ್ಗುತ್ತಾರೆ. ಈ ಹಾಲ್‌ನಲ್ಲಿ ಅವರು ಮಂಡಿಯೂರಿದ್ದು ಇದೇ ಮೊದಲಿರಬೇಕು. ಏಳುವಾಗ ಮುಖ ಕೆಂಪಾಗಿದೆ. "ಇವನದೇ," ಎನ್ನುತ್ತಾರೆ ನಾಯಿಯ ಕಡೆ ನೋಡಿ.

"ನನಗಲ್ಲ. ಅಲ್ಲಿ ಹೋಗಿ ಹೇಳಿ."

ಬಾಗಿಲ ಬಳಿಯಿಂದ ಒಡತಿಯ ದನಿ ಮೆಲ್ಲಗೆ ಕೇಳುತ್ತದೆ. "ಒಳಗೆ ಬಾ. ಅದು ನಿಂದಲ್ಲ." ತಪ್ಪಾಯಿತು ಎಂಬ ಮಾತಿಲ್ಲ. ಎರಡು ವಾರ ಬೊಬ್ಬೆಯಲ್ಲಿ ಹೊರಿಸಿದ್ದನ್ನು ಇಳಿಸುವುದು ಪಿಸುಮಾತಿನಲ್ಲಿ.

ಮೂಗಕ್ಕ ಕೆಲಸಕ್ಕೆ ಇಳಿಯುತ್ತಾರೆ. ಮೊದಲು ಬರೀ ನೀರು, ಒತ್ತಿ ಒರೆಸುವುದು. ಆಮೇಲೆ ಕಲೆ ತಿನ್ನುವ ಎಂಜೈಮ್ ನೀರು, ಮೇಲೆ ಪ್ಲಾಸ್ಟಿಕ್ ಹಾಳೆ, ಒಂದು ಗಂಟೆ ನೆನೆಯಬೇಕು. ಇಷ್ಟು ಮೂರು ಸಲ. ಮುಂದಿನ ವಾರ ಇನ್ನೊಮ್ಮೆ. ಬಲಹೊಳ್ಳೆಯೂ ಈಚೆಗೆ ಸಂಜೆ ಹೊತ್ತಿಗೆ ಮಂಕಾಗುತ್ತಿದೆ ಎನ್ನುತ್ತಾರೆ. "ಇದು ಇನ್ನೊಂದೈದು ವರ್ಷ ನಡೆದ್ರೆ ಸಾಕು. ನೋಡಿ, ಎಷ್ಟು ಮನೇಲಿ ಎಷ್ಟು ಜನ ಮೆಟ್ಟಿಲ ಮೇಲೆ ಕೂತಿದ್ದಾರೋ."

ಅಡುಗೆಯಾಕೆ ಕಾಫಿ ತಂದು ಕೊಡುತ್ತಾಳೆ. ಲೋಟ ಕೊಟ್ಟರೂ ಕದಲುವುದಿಲ್ಲ, ಏನೋ ಕೇಳುವುದಿದೆ, ಕೇಳಲಾಗುತ್ತಿಲ್ಲ. ಮೂಗಕ್ಕ ಲೋಟವನ್ನು ನೆಲದ ಮೇಲಿಡುತ್ತಾರೆ, ಅವಳ ಮುಂಗೈ ಹಿಡಿದು ಬಲಹೊಳ್ಳೆಗೆ ತಂದುಕೊಂಡು ದೀರ್ಘವಾಗಿ ಮೂಸುತ್ತಾರೆ.

"ಸೋಪು. ಬರೀ ಸೋಪು. ನಾಳೆಯಿಂದ ಒಂದೇ ಸ್ನಾನ ಸಾಕು ತಂಗಿ, ಚರ್ಮ ಸುಲಿದು ಹೋಗಿದೆ ನೋಡು."